ಹನ್ನೊಂದು ಬಸಿ

ವರ್ಷಕ್ಕೊಂದೇ ಸಲ ಅವು ಕಪಾಟಿನಿಂದ ಇಳಿಯುವುದು,
ಮೊಂತಿ ಹಬ್ಬದ ದಿವಸ, ಹೊಸ ಅಕ್ಕಿಯ ಊಟಕ್ಕೆ.
ಬೋಳಾರದ ಆ ಮನೆಯಲ್ಲಿ ನಲವತ್ತಮೂರು ವರ್ಷ
ಅವನ್ನು ತೊಳೆದವಳು ನಾನು.
ಸೆರಾಫಿನ್ ಬಾಯಿ ಬಾಗಿಲಿಗೆ ಒರಗಿ ನಿಂತು
“ಮೆಲ್ಲ ವಾರಿಜ, ಅದು ನಮ್ಮ ವಂಶ” ಅನ್ನುವರು.
ಎಣ್ಣೆ ತಾಗಿದರೆ ವಂಶ ಜಾರುತ್ತದೆ.

ನಡುವೆ ಗುರಾಣಿ. ಗುರಾಣಿಯಲ್ಲಿ ಸಿಂಹ.
ಬರೆದವನು ಚೀನಾದವನಂತೆ, ಸಿಂಹ ಕಂಡವನಲ್ಲ.
ಮೀಸೆ ಬೆಕ್ಕಿನದ್ದು, ಸೊಂಟ ನಾಯಿಯದ್ದು,
ಎರಡು ಕಾಲಲ್ಲಿ ಎದ್ದ ಭಂಗಿಯೋ
ನಮ್ಮ ಕೇರಿಯ ದಾಮು ಮಾರ್ನೆಮಿಗೆ ಹುಲಿವೇಷ ಹಾಕಿ
ಮೂರನೇ ದಿನ, ಬಣ್ಣ ಬಿರಿದು, ಮೊಣಕಾಲು ಸೋತು,
ಯಾರದೋ ಅಂಗಳದಲ್ಲಿ ಇನ್ನೊಂದು ಸುತ್ತು ಕುಣಿಯುವ ಹಾಗೆ.
ಮೇಲೊಂದು ಕಬ್ಬಿಣದ ಟೊಪ್ಪಿ, ಟೊಪ್ಪಿಗೆ ಗರಿ,
ಕೆಳಗೆ ಪಟ್ಟಿಯಲ್ಲಿ ಎಂಥದ್ದೋ ಅಕ್ಷರ.
ಪಾದ್ರಿಗಳು ಒಮ್ಮೆ ಕನ್ನಡಕ ಏರಿಸಿ ಓದಹೊರಟು
ಅರ್ಧಕ್ಕೆ ನಿಲ್ಲಿಸಿ, ಪಾಯಸ ತಣಿಯುತ್ತದೆ ಅಂದರು.

ಹೊಸ ಅಕ್ಕಿಯ ಅನ್ನ, ತೆಂಗಿನ ಹಾಲು ಸುರಿದರೆ ಸಿಂಹ ಮುಳುಗಿತು.
ಉಣ್ಣುತ್ತ ಉಣ್ಣುತ್ತ ಮೊದಲು ಗರಿ, ಆಮೇಲೆ ಕಿವಿ.
ಯಾರದ್ದು ಮೊದಲು ಏಳುತ್ತದೆಂದು ಮಕ್ಕಳ ಪಂಥ.
ನನಗೆ ಹಿತ್ತಿಲ ಜಗಲಿಯಲ್ಲಿ ಬಾಳೆ ಎಲೆ.
ಎಲೆಯಿಂದ ಏನೂ ಏಳುವುದಿಲ್ಲ.

ಕಾಲ ಹೋದ ಹಾಗೆ ಸಿಂಹ ಬಸಿ ಬಿಟ್ಟು ಇಳಿಯಿತು.
ಗೇಟಿಗೆ ಬಂತು, ಮದುವೆ ಕಾಗದಕ್ಕೆ ಬಂತು,
ಮಗ ಉಲ್ರಿಕ್‌ನ ಕಾರಿನ ಹಿಂದಿನ ಗಾಜಿಗೆ ಬಂತು.
ಪೊರ್ಬುಗಳು ತೀರಿದಾಗ ಗೋರಿಯ ಕಲ್ಲಿಗೂ.
ಕೆತ್ತಿದವ ಕಾರ್ಕಳದವ, ಅವನೂ ಸಿಂಹ ಕಂಡವನಲ್ಲ,
ಬಸದಿಯ ಬಾಗಿಲಲ್ಲಿದ್ದದ್ದನ್ನೇ ಕೆತ್ತಿಕೊಟ್ಟ.

ನಮ್ಮ ಮಾಡಿನ ಹಂಚಿಗೂ ಮುದ್ರೆ ಉಂಟು, ಆನೆಯದ್ದು.
ಅಮ್ಮ ಜೆಪ್ಪುವಿನ ಕಾರ್ಖಾನೆಯಲ್ಲಿ
ದಿನಕ್ಕೆ ಸಾವಿರ ಹಸಿ ಆನೆ ಒಣಗಲು ಇಟ್ಟವಳು.
ಒಂದೂ ನಮ್ಮ ಕುಲದ್ದೆಂದು ಅವಳಿಗೆ ತೋಚಲಿಲ್ಲ.
ಸೋರಿದ ರಾತ್ರಿ ಮಾತ್ರ ಬೈಯುವಳು,
ಆನೆಯನ್ನೇ, ಹೆಸರು ಹಿಡಿದು.

ಬಾಯಿ ಹೋದ ಮೇಲೆ, ಪಾಲಿನ ಹೊತ್ತಿಗೆ
ಗೋವಾದಿಂದ ಬಿಳಿ ಕೈಗವಸಿನವನೊಬ್ಬ ಬಂದ.
ಹಲಸಿನ ಹಣ್ಣು ನೋಡುವ ಹಾಗೆ ಬಸಿಯನ್ನು ತಟ್ಟಿ
ಕಿವಿಗೆ ಹಿಡಿದ, ಬೆಳಕಿಗೆ ಹಿಡಿದ.
“ಪೋರ್ಚುಗಲ್ಲಿನ ಒಬ್ಬ ಪ್ರಭುವಿನದ್ದು.
ಆ ಮನೆತನ ಮುಗಿದು ಇನ್ನೂರು ವರ್ಷ.
ನಿಮ್ಮ ಮುತ್ತಜ್ಜ ಬಂದರಿನ ಏಲಂನಲ್ಲಿ ಕೊಂಡಿರಬೇಕು.”
ಉಲ್ರಿಕ್ ಕಿಟಕಿಯಿಂದ ಗೇಟು ನೋಡಿದ.
ತುಂಬ ಹೊತ್ತು ನೋಡಿದ.

“ಚಿನ್ನದ ಅಂಚು ಪೂರಾ ಹೋಗಿದೆ,” ಅವನೆಂದ.
“ಯಾರೋ ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದ್ದಾರೆ.”
ಎಲ್ಲರೂ ನನ್ನ ಕೈ ನೋಡಿದರು.
ನಾನೂ ನೋಡಿಕೊಂಡೆ.
ಅಷ್ಟು ಚಿನ್ನ ಎಲ್ಲಿಗೆ ಹೋಯಿತು?
ಮೋರಿಗೆ, ಬಸಳೆಯ ಬುಡಕ್ಕೆ, ಕಡೆಗೆ ನೇತ್ರಾವತಿಗೆ.
ನನ್ನ ಕಿವಿಯಲ್ಲಿರುವುದು ಬೇರೆ,
ಅದಕ್ಕೆ ರಶೀದಿ ಉಂಟು.

ಹನ್ನೆರಡು ಪೂರ್ತಿ ಇದ್ದಿದ್ದರೆ ಬೆಲೆ ಎರಡು ಪಟ್ಟು ಅಂದ.
ನಾನು ಚಾ ತಂದುಕೊಟ್ಟೆ, ಸ್ಟೀಲು ಲೋಟದಲ್ಲಿ.

ಹನ್ನೆರಡನೆಯದ್ದು ನನ್ನ ಮೊದಲ ಹಬ್ಬದ ದಿನದ್ದು.
ನನಗೆ ಆಗ ಹದಿಮೂರು. ಬಾವಿಕಟ್ಟೆಗೆ ತಾಗಿ
ಒಂದೇ ಸದ್ದು, ಸಣ್ಣದು, ಗಂಟೆಯ ಹಾಗೆ.
ತೊಳೆಯುವ ಮೊದಲೇ. ಅಗುಳು ಇನ್ನೂ ಅಂಟಿತ್ತು.
ಬಸಳೆ ಚಪ್ಪರದ ಕೆಳಗೆ ಕೈಯಲ್ಲೇ ಮಣ್ಣು ತೋಡಿ ಹೂತೆ.
ಸಂಜೆ ಬಾಯಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು.
ನನ್ನ ಉಗುರು ನೋಡಿದರು.
“ಹನ್ನೊಂದೇ ಇದ್ದದ್ದು” ಅಂದು ಕಪಾಟು ಹಾಕಿದರು.
ಮರುವರ್ಷದಿಂದ ಮೇಜಿನ ತುದಿಯಲ್ಲಿ
ಅವರ ಮುಂದೆ ಮಾತ್ರ ಸಾದಾ ಬಸಿ.

ಯಾವುದೋ ಆಟಿಯ ಮಳೆಗೆ ಒಂದು ಚೂರು ಮೇಲೆ ಬಂತು.
ಬಿಸ್ಕೀಟಿನ ಡಬ್ಬಿಯಲ್ಲಿ ಉಂಟು, ರೇಷನ್ ಕಾರ್ಡಿನ ಅಡಿಗೆ:
ಸಿಂಹದ ಬಾಲ, ಮತ್ತೆ ಬೆರಳಗಲ ಅಂಚು.
ಅಂಚಿನಲ್ಲಿ ಚಿನ್ನ ಹಾಗೆಯೇ ಉಂಟು.
ಅದೊಂದನ್ನು ನಾನು ತೊಳೆದದ್ದಿಲ್ಲ.